ಜಿಟಿಜಿಟಿ ಮಳೆ, ಹಳೆ ಎಂಜಿನ್ ಮತ್ತು ಅಮ್ಮನ ಕೊಡೆ

ಗುರುವಾರ

ಆಷಾಢದಲ್ಲಿ ಮದುವೆ ಮುಂಜಿ ಯಾವುದೂ ಇರುವುದಿಲ್ಲ, ಹಾಗಾಗಿ ಅಮ್ಮನಿಗೆ ಬಿಡುವು. ಆಷಾಢ ಶುಕ್ರವಾರ ಒಂದು ಸಲ ಚಾಮುಂಡಿ ಬೆಟ್ಟಕ್ಕೆ ಹೋಗಿಬರಬೇಕು ಅಂತ ಅವಳು ಹೇಳುತ್ತಾ ಬಂದು ಎಷ್ಟೋ ವರ್ಷ ಆಗಿತ್ತು. ಸಾಗರದಲ್ಲಿ ಆ ವಾರ ಮಳೆ ಎಷ್ಟು ಹೊಡೆದಿತ್ತೆಂದರೆ ನನ್ನ ಮಗಳು ಪುಟ್ಟಿಯ ಶಾಲೆಗೆ ರಜೆ ಮೇಲೆ ರಜೆ. ಇನ್ನೆರಡು ದಿನ ತಪ್ಪಿದರೆ ಏನೂ ಆಗಲ್ಲ ಅಂತ ಮೂವರೂ ಹೊರಟೇಬಿಟ್ಟೆವು. ಅಮ್ಮ, ನಾನು, ಎಂಟು ವರ್ಷದ ಪುಟ್ಟಿ. ಜೊತೆಗೆ ಅಮ್ಮನ ಉದ್ದ ಕಾವಿನ ಕಪ್ಪು ಕೊಡೆ. ಮಡಚುವ ಕೊಡೆ ನನ್ನ ಹತ್ತಿರ ಎರಡಿತ್ತು. ಆದರೂ ಅವಳು ಅದನ್ನೇ ಹಿಡಿದಳು. "ನಿನ್ನ ಕೊಡೆ ಗಾಳಿಗೆ ಮಗುಚುತ್ತೆ" ಅಂದಳು. ಸರಿ, ನಿಜವೇ.

ತಾಳಗುಪ್ಪ ಕಡೆಯಿಂದ ಬರುವ ಮೈಸೂರು ರೈಲಿನಲ್ಲಿ ಹಗಲು ಹೊತ್ತು ಕೂತು ಹೋಗುವುದಕ್ಕೆ ಸಮಾನವಾದ ಪ್ರಯಾಣ ನಮ್ಮ ಕಡೆ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಮಳೆಗಾಲದಲ್ಲಂತೂ ಆನಂದಪುರ, ಕುಂಸಿ ದಾಟುವವರೆಗೂ ಕಿಟಕಿಯ ಹೊರಗೆ ಬರೀ ಹಸಿರು ಮತ್ತು ನೀರು. ಪುಟ್ಟಿ ಕಿಟಕಿಯ ಗಾಜು ಎತ್ತಿ ಕೈ ಹೊರಗೆ ಹಾಕಿದಳು, ಒಂದೇ ನಿಮಿಷಕ್ಕೆ ನನ್ನ ಮಡಿಲಲ್ಲಿದ್ದ ಟವೆಲ್ ತೊಪ್ಪೆಯಾಯಿತು. ಇನ್ನೊಂದು ಟವೆಲ್ಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದೆ. ನಾಲ್ಕು ದಿನವೂ ಅದೇ ನಮ್ಮನ್ನು ಕಾಪಾಡಿದ್ದು. ಮಳೆಗಾಲದಲ್ಲಿ ಹೊರಡುವವರು ಬೇರೇನು ಮರೆತರೂ ಇದೊಂದನ್ನು ಮರೆಯಬಾರದು.

ತರೀಕೆರೆಯಲ್ಲಿ ರೈಲು ನಿಂತಾಗ ಅಮ್ಮ ಹೊರಗೆ ಕೈ ತೋರಿಸಿ, "ಇಲ್ಲಿಂದ ನರಸಿಂಹರಾಜಪುರಕ್ಕೆ ಪುಟಾಣಿ ರೈಲಿತ್ತಂತೆ, ನಮ್ಮ ಅಪ್ಪಯ್ಯ ಹೇಳ್ತಿದ್ರು" ಅಂದಳು. ಇದ್ದದ್ದು ನಿಜ. ಬರೀ ಎರಡು ಅಡಿ ಅಗಲದ ಹಳಿ. ಆಮೇಲೆ ಭದ್ರಾ ಅಣೆಕಟ್ಟು ಬಂತು, ಆ ರೈಲು ಹೋಯಿತು. ಪುಟ್ಟಿ ಎರಡು ಅಡಿ ಎಂದರೆ ಎಷ್ಟು ಅಂತ ಕೈ ಚಾಚಿ ಚಾಚಿ ನೋಡಿದಳು, ನಂಬಲಿಲ್ಲ.

ಕಡೂರು ದಾಟಿದ ಮೇಲೆ ಬುತ್ತಿ ಬಿಚ್ಚಿದೆವು. ಮೊಸರನ್ನ, ಅಪ್ಪೆಮಿಡಿ. ಮಿಡಿಯ ಘಮಕ್ಕೆ ಎದುರು ಸೀಟಿನವರು ತಿರುಗಿ ನೋಡಿದರು. ಅಮ್ಮ ಕೇಳದೆಯೇ ಎರಡು ಮಿಡಿ ಅವರ ಎಲೆಗೆ ಹಾಕಿದಳು, ಅವರು ನಮಗೆ ಚಕ್ಕುಲಿ ಕೊಟ್ಟರು. ಅರಸೀಕೆರೆಯ ಹೊತ್ತಿಗೆ ಮಳೆ ಪೂರ್ತಿ ನಿಂತು ಬಿಸಿಲು ಬಂತು. ಹೊಳೆನರಸೀಪುರದ ಹೇಮಾವತಿ ತುಂಬಿ ಹರಿಯುತ್ತಿದ್ದಳು. ಸಾಗರಕಟ್ಟೆಯ ಹತ್ತಿರ ಕೆಆರ್‌ಎಸ್ ಹಿನ್ನೀರಿನ ಮೇಲೆ ರೈಲು ನಿಧಾನವಾದಾಗ ಇಡೀ ಬೋಗಿ ಒಂದೇ ಬದಿಗೆ ಬಂದು ನಿಂತಿತು. ಮೈಸೂರಿನಲ್ಲಿ ಇಳಿದರೆ ಮತ್ತೆ ಮಳೆ. ಆದರೆ ನಮ್ಮೂರಿನ ಮಳೆಯಲ್ಲ. ಹಿಟ್ಟು ಜರಡಿ ಹಿಡಿದ ಹಾಗೆ ಸಣ್ಣಗೆ ಉದುರುವ ಮಳೆ. "ಎಂತ ಮಳೆಯೇ ಇದು, ಕೊಡೆ ಬಿಚ್ಚಬೇಕೋ ಬೇಡವೋ ಗೊತ್ತಾಗಲ್ಲ" ಅಂದಳು ಅಮ್ಮ.

ಶುಕ್ರವಾರ

ಬೆಳಗಿನ ಜಾವಕ್ಕೇ ಎದ್ದು ಸ್ನಾನ ಮುಗಿಸಿ ಹೊರಟೆವು. ಆಷಾಢ ಶುಕ್ರವಾರ ಬೆಟ್ಟಕ್ಕೆ ಸ್ವಂತ ಗಾಡಿ ಬಿಡುವುದಿಲ್ಲ, ಲಲಿತಮಹಲ್ ಹತ್ತಿರದ ಮೈದಾನದಿಂದ ಬಸ್ಸಿನಲ್ಲೇ ಹೋಗಬೇಕು. ಅಲ್ಲಿಗೆ ಹೋಗಿ ನೋಡಿದರೆ ಸಾಲು ಎಲ್ಲಿ ಶುರುವಾಗಿದೆ, ಎಲ್ಲಿ ಮುಗಿದಿದೆ ಅಂತ ಕಾಣುತ್ತಿರಲಿಲ್ಲ. ಜನ ನೆನೆಯುತ್ತಾ ಸಮಾಧಾನವಾಗಿ ನಿಂತಿದ್ದರು. ಅಮ್ಮ ಐದು ನಿಮಿಷ ನಿಂತಳು. ಮಂಡಿ ಹಿಡಿದುಕೊಂಡಳು. ಆಮೇಲೆ ಬೆಟ್ಟದ ಕಡೆಗೆ ತಿರುಗಿ ಅಲ್ಲಿಂದಲೇ ಕೈ ಮುಗಿದು, "ನಾಳೆ ಬರ್ತೀನಿ ತಾಯಿ" ಅಂದಳು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಶುಕ್ರವಾರ ಬಿಟ್ಟು ಬೇರೆ ದಿನ ಹೋದರೆ ಒಳ್ಳೆಯದು. ದೇವಿ ಅದೇ ದೇವಿ.

ಸಿಟಿಗೆ ವಾಪಸ್ ಬಂದು ಬಿಸಿ ಇಡ್ಲಿ, ಬೆಣ್ಣೆ ಹಾಕಿದ ಮಸಾಲೆ ದೋಸೆ ತಿಂದೆವು. ಮಳೆ ಬಿಡುವ ಲಕ್ಷಣ ಇರಲಿಲ್ಲ. ಅರಮನೆ ಅಂದರೆ ಪುಟ್ಟಿ ಮುಖ ಸಣ್ಣ ಮಾಡಿದಳು. ನಿನ್ನೆ ಕೇಳಿದ ಪುಟಾಣಿ ರೈಲು ಅವಳ ತಲೆಯಲ್ಲೇ ಇತ್ತು. "ರೈಲು ಮ್ಯೂಸಿಯಂ ಇದೆಯಲ್ಲ, ಅಲ್ಲಿಗೆ ಹೋಗೋಣ" ಅಂದಳು. ಮಳೆಯಲ್ಲಿ ಬಯಲಿನ ಮ್ಯೂಸಿಯಮ್ಮಾ ಅಂತ ನಾನು ಹಿಂದೇಟು ಹಾಕಿದೆ. ಅಮ್ಮ ಆಗಲೇ ಕೊಡೆ ಬಿಚ್ಚಿ ರಸ್ತೆಗೆ ಇಳಿದಿದ್ದಳು.

ಕೆಆರ್‌ಎಸ್ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಎದುರಿಗೆ ಇದೆ ಇದು. ರೈಲ್ವೆ ನಿಲ್ದಾಣಕ್ಕೆ ಹತ್ತಿರ, ನಡೆದೇ ಹೋಗಬಹುದು. ಶುರುವಾದದ್ದು 1979ರಲ್ಲಿ. ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂ ಬಿಟ್ಟರೆ ರೈಲ್ವೆಯವರು ಮಾಡಿದ ಎರಡನೆಯದು ಇದೇ. ಮಳೆಗೆ ಜನ ಬಹಳ ಕಡಿಮೆ. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿದದ್ದು ಒದ್ದೆ ಕಬ್ಬಿಣದ ವಾಸನೆ. ನೆನೆದ ಎಂಜಿನ್‌ಗಳು ಕಪ್ಪಗೆ ಮಿರಮಿರ ಮಿಂಚುತ್ತಿದ್ದವು. ಬಿಸಿಲಲ್ಲಿ ನೋಡಿದ್ದರೆ ಬರೀ ಬಣ್ಣ ಬಳಿದ ಹಳೇ ಕಬ್ಬಿಣ ಅನ್ನಿಸುತ್ತಿತ್ತೇನೋ. ಮಳೆಯಲ್ಲಿ ಈಗ ತಾನೇ ಊರಿಂದ ಬಂದು ನಿಂತ ಹಾಗೆ ಕಂಡವು. ಚಕ್ರದ ಕಡ್ಡಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಇಎಸ್ 506 ಅನ್ನುವ ಎಂಜಿನ್ ಮುಂದೆ ಪುಟ್ಟಿ ಚಕ್ರ ಎಣಿಸಲು ನಿಂತಳು. ಮುಂದೆ ಚಿಕ್ಕದು ನಾಲ್ಕು, ನಡುವೆ ದೊಡ್ಡದು ಆರು, ಹಿಂದೆ ಎರಡು. ಒಂದು ಬದಿ ಎಣಿಸಿ, ಸುತ್ತು ಹಾಕಿ ಇನ್ನೊಂದು ಬದಿಯೂ ಎಣಿಸಿದಳು. ಎಳೆಯುವ ಕೆಲಸವೆಲ್ಲ ನಡುವಿನ ಆರರದ್ದು, ಮುಂದಿನ ಚಿಕ್ಕವು ತಿರುವಿನಲ್ಲಿ ದಾರಿ ತೋರಿಸುವವು, ಹಿಂದಿನವು ಬೆಂಕಿಗೂಡಿನ ಭಾರ ಹೊರುವವು.

ಅಮ್ಮ ಮಾತ್ರ ಎಂಜಿನ್ ನೋಡುತ್ತಿರಲಿಲ್ಲ. ಬಗ್ಗಿ ಹಳಿ ನೋಡುತ್ತಿದ್ದಳು.

"ಇಷ್ಟೇ ಅಗಲ ಇತ್ತೇನೇ?" ಅಂದಳು.

ಅವಳು ಮದುವೆಯಾಗಿ ಸಾಗರಕ್ಕೆ ಬಂದಾಗ ಶಿವಮೊಗ್ಗ–ತಾಳಗುಪ್ಪ ದಾರಿ ಮೀಟರ್‌ಗೇಜ್. ತವರಿಗೆ, ಆಸ್ಪತ್ರೆಗೆ, ನನ್ನನ್ನು ಎತ್ತಿಕೊಂಡು ಶಿವಮೊಗ್ಗದ ಪೇಟೆಗೆ, ಎಲ್ಲಕ್ಕೂ ಅದೇ ರೈಲು. ಅದು ಅವಳ ನೆನಪಿನಲ್ಲಿ ದೊಡ್ಡ ರೈಲು. ಈಗ ಕೊಡೆ ಮಡಚಿ, ಮಳೆಯಲ್ಲೇ ಕೂತು, ಎರಡು ಹಳಿಗಳ ನಡುವೆ ಅಡ್ಡ ಇಟ್ಟಳು. ಕೊಡೆಯ ಹಿಡಿ ಒಂದು ಹಳಿಗೆ ತಾಗಿತು. ತುದಿ ಇನ್ನೊಂದು ಹಳಿಗೆ ನಾಲ್ಕು ಬೆರಳು ಕಡಿಮೆ ಬಿತ್ತು. ಅಷ್ಟೇ. ಒಂದು ಮೀಟರ್, ಅಂದರೆ ಅಮ್ಮನ ಕೊಡೆ ಮತ್ತು ನಾಲ್ಕು ಬೆರಳು. ನಾವು ನಿನ್ನೆ ಬಂದ ಬ್ರಾಡ್‌ಗೇಜ್ ಹಳಿ 1676 ಮಿಲಿಮೀಟರ್, ಐದೂವರೆ ಅಡಿ. ಹೆಚ್ಚೂಕಡಿಮೆ ನನ್ನ ತಮ್ಮನ ಎತ್ತರ. ಅಮ್ಮ ಬಹಳ ಹೊತ್ತು ಏನೂ ಮಾತಾಡಲಿಲ್ಲ. "ಇಷ್ಟು ಸಣ್ಣ ಹಳಿ ಮೇಲೆ ಅಷ್ಟು ಜನ ಹೋಗ್ತಿದ್ವಲ್ಲ" ಅಂತ ಕೊನೆಗೆ ಅಂದಳು. ಅವಳ ಸೆರಗು ಪೂರ್ತಿ ನೆನೆದಿತ್ತು.

ಅಷ್ಟರಲ್ಲಿ ಪುಟ್ಟಿ ಕೆಸರಿನ ಗುಂಡಿಗೆ ಕಾಲಿಟ್ಟು ಎಳೆದಾಗ ಚಪ್ಪಲಿಯ ಪಟ್ಟಿ ಕಿತ್ತುಬಂತು. ಮೂವರೂ ಓಡಿ ಮಾಡಿನ ಕೆಳಗೆ ಸೇರಿಕೊಂಡೆವು. ಅಲ್ಲಿ ಆಗಲೇ ಒಬ್ಬರು ವಯಸ್ಸಾದವರು ಮೊಮ್ಮಗನ ಜೊತೆ ನಿಂತಿದ್ದರು. ತಲೆಗೆ ಮಫ್ಲರ್, ಕೈಯಲ್ಲಿ ಬಟ್ಟೆ ಚೀಲ. ಪುಟ್ಟಿಯ ಚಪ್ಪಲಿ ನೋಡಿ, "ಕೊಡು ಮಗ ಇಲ್ಲಿ" ಅಂದರು. ತಿರುಗಿಸಿ ನೋಡಿ ಅಮ್ಮನ ಕಡೆ ತಿರುಗಿ, "ತಾಯಿ, ಪಿನ್ನಿದ್ಯಾ?" ಅಂದರು. ಅಮ್ಮ ತಾಳಿಸರಕ್ಕೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಕೊಟ್ಟಳು. ಅವರು ಅದನ್ನು ನೇರ ಮಾಡಿ, ಪಟ್ಟಿಯ ತುದಿಯಲ್ಲಿ ತೂರಿಸಿ, ಅಡಿಯಲ್ಲಿ ಕೀಲಿಯ ಹಿಂಭಾಗದಿಂದ ಒತ್ತಿ ಮಡಚಿದರು. ಚುಚ್ಚುತ್ತದೆಯಾ ಅಂತ ತಮ್ಮ ಅಂಗೈ ಮೇಲೆ ಉಜ್ಜಿ ನೋಡಿಯೇ ಕೊಟ್ಟದ್ದು. ಆ ಕೈ ನೋಡಿದರೆ ಗೊತ್ತಾಗುತ್ತಿತ್ತು, ಜೀವನವಿಡೀ ಕೆಲಸ ಮಾಡಿದ ಕೈ. ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರಂತೆ. ಮಳೆ ಬಂದರೆ ಮೊಮ್ಮಗನಿಗೆ ಮನೆಯಲ್ಲಿ ಹೊತ್ತು ಹೋಗಲ್ಲ, ಇವರಿಗೂ ಹೋಗಲ್ಲ, ಇಲ್ಲಿಗೆ ಬಂದುಬಿಡುತ್ತಾರೆ.

"ಅಜ್ಜ, ಮಳೇಲಿ ರೈಲು ಜಾರಲ್ವಾ?" ಅಂತ ಪುಟ್ಟಿ ಕೇಳಿದಳು. ತನ್ನ ಚಪ್ಪಲಿ ಜಾರಿದ್ದಕ್ಕೆ ಬಂದ ಪ್ರಶ್ನೆ ಇರಬೇಕು.

ಅವರ ಮುಖ ಅರಳಿತು. ಕೊಡೆ ಇಲ್ಲದೆಯೇ ಮಳೆಗೆ ಇಳಿದು ನಮ್ಮನ್ನು ಒಂದು ಎಂಜಿನ್ ಹತ್ತಿರ ಕರೆದುಕೊಂಡು ಹೋದರು. ಬಗ್ಗಿ, ದೊಡ್ಡ ಚಕ್ರದ ಮುಂದೆ ಬೆರಳು ತೋರಿಸಿದರು. ಮೇಲಿನಿಂದ ಹೆಬ್ಬೆರಳು ದಪ್ಪದ ಒಂದು ಪೈಪು ಇಳಿದು ಬಂದು, ಚಕ್ರ ಹಳಿಗೆ ತಾಗುವ ಜಾಗದ ಕಡೆಗೆ ಸೊಟ್ಟಗೆ ಬಾಗಿ ನಿಂತಿತ್ತು. ಎಷ್ಟು ಸಣ್ಣದೆಂದರೆ, ತೋರಿಸದಿದ್ದರೆ ನಾನು ನೂರು ಸಲ ನೋಡಿದರೂ ಕಾಣುತ್ತಿರಲಿಲ್ಲ.

"ಇದ್ರಲ್ಲಿ ಏನ್ ಬರುತ್ತೆ ಹೇಳು ನೋಡೋಣ?"

"ನೀರು?"

"ನೀರಲ್ಲ ಮಗ, ಮರಳು."

ಆಮೇಲೆ ಅವರು ಹೇಳಿದ್ದನ್ನು ನಾನು ಅಲ್ಲೇ ನಿಂತು ಫೋನಿನಲ್ಲಿ ಬರೆದುಕೊಂಡೆ. ಕಬ್ಬಿಣದ ಚಕ್ರ, ಕಬ್ಬಿಣದ ಹಳಿ, ಎರಡೂ ನುಣುಪು. ಮಳೆ ಬಿದ್ದರೆ ಹಿಡಿತ ಸಿಗುವುದಿಲ್ಲ, ಎಂಜಿನ್ ಹೊರಡುವಾಗ ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತದೆ. ಆಗ ಡ್ರೈವರ್ ಮರಳು ಬಿಡುತ್ತಾನೆ. ಪೈಪಿನಿಂದ ಚಕ್ರದ ಅಡಿಗೆ ಸ್ವಲ್ಪ ಸ್ವಲ್ಪ ಮರಳು ಬೀಳುತ್ತದೆ, ಚಕ್ರ ಕಚ್ಚಿಕೊಳ್ಳುತ್ತದೆ, ಗಾಡಿ ಹೊರಡುತ್ತದೆ. ಮರಳು ಒದ್ದೆ ಆಗಿದ್ದರೆ ಪೈಪಿನಲ್ಲೇ ಕಟ್ಟಿಕೊಳ್ಳುತ್ತದೆ. ಅದಕ್ಕೆ ಶೆಡ್ಡಿನಲ್ಲಿ ಮರಳನ್ನು ಬಿಸಿ ಮಾಡಿ ಒಣಗಿಸಿ, ಜರಡಿ ಹಿಡಿದು ತುಂಬುತ್ತಿದ್ದರು.

"ಅಂದ್ರೆ ರವೆ ಹುರಿದ ಹಾಗೆ" ಅಂದಳು ಅಮ್ಮ.

"ಅಷ್ಟೇ ತಾಯಿ, ಸೇಮ್ ರವೆ ಹುರಿದ ಹಾಗೆ."

ಇನ್ನೊಂದು ಮಾತು ಹೇಳಿದರು, ಅದು ನನಗೆ ಇಡೀ ಪ್ರವಾಸದಲ್ಲಿ ಸಿಕ್ಕ ಅತಿ ಒಳ್ಳೆಯ ಮಾತು. ನಮ್ಮೂರು ಸಾಗರ ಅಂದಾಗ, "ಅಯ್ಯೋ, ನಿಮ್ ಕಡೆ ಮಳೆ ವಾಸಿ. ಧೋ ಅಂತ ಸುರಿದು ಹಳಿ ತೊಳೆದುಬಿಡುತ್ತೆ. ಈ ನಮ್ಮ ಜಿಟಿಜಿಟಿ ಮಳೆನೇ ಕಷ್ಟ. ಹಳಿ ಮೇಲಿನ ಧೂಳು, ಎಣ್ಣೆ, ತುಕ್ಕು ಎಲ್ಲಾ ಕಲಸಿ ಲೋಳೆ ಥರ ಆಗುತ್ತೆ" ಅಂದರು. ಜಾಸ್ತಿ ಮಳೆಯೇ ಜಾಸ್ತಿ ತೊಂದರೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ನಮ್ಮ ಮನೆಯ ಅಂಗಳದ ಪಾಚಿಯೂ ಹಾಗೇ ಅಲ್ವಾ, ಜೋರು ಮಳೆಯಲ್ಲಿ ನಡೆದುಬಿಡಬಹುದು, ಸೋನೆ ಬಿದ್ದಾಗಲೇ ಕಾಲು ಹೋಗುವುದು.

ಮೊಮ್ಮಗ ಮತ್ತು ಪುಟ್ಟಿ ಅಷ್ಟರಲ್ಲಿ ಆಸ್ಟಿನ್ ಕಾರಿನ ಹತ್ತಿರ ಸೇರಿದ್ದರು. 1925ರ ಕಾರು ಅದು, ರಸ್ತೆಯಲ್ಲಿ ಓಡುತ್ತಿದ್ದದ್ದು. ಆಮೇಲೆ ರೈಲು ಚಕ್ರ ಹಾಕಿ ಹಳಿಯ ಮೇಲೆ ಓಡಿಸಿದರು. ಇಬ್ಬರೂ ಇದಕ್ಕೂ ಮರಳಿನ ಪೈಪಿದೆಯಾ ಅಂತ ಬಗ್ಗಿ ಹುಡುಕುತ್ತಿದ್ದರು.

ಮಹಾರಾಣಿಯವರ ಸಲೂನ್, ಅಂದರೆ ಅವರ ಖಾಸಗಿ ರೈಲು ಬೋಗಿ, ನೋಡಲು ಹೆಚ್ಚು ಹೊತ್ತು ಇಟ್ಟುಕೊಳ್ಳಿ. ಶ್ರೀರಂಗ ಮಂಟಪ ಅಂತ ಕರೆಯುವ ಕಡೆ ರಾಜಮನೆತನದ ಎರಡು ಗಾಡಿಗಳಿವೆ. 1899ರ ಕಾಲದ್ದು. ಅಡುಗೆಮನೆ, ಊಟದ ಜಾಗ, ಶೌಚಾಲಯ ಎಲ್ಲಾ ಒಳಗೇ. ಅಮ್ಮ ಅಡುಗೆಮನೆಯ ಮುಂದೆ ಅಲುಗಾಡದೆ ನಿಂತಳು. ಓಡುವ ರೈಲಿನಲ್ಲಿ ಸಾರು ತುಳುಕದ ಹಾಗೆ ಹೇಗೆ ಕುದಿಸುತ್ತಿದ್ದರು ಅನ್ನುವುದು ಅವಳ ಚಿಂತೆ. ನನಗೂ ಅದಕ್ಕೆ ಉತ್ತರ ಸಿಗಲಿಲ್ಲ.

ಚಾಮುಂಡಿ ಗ್ಯಾಲರಿಯ ಫೋಟೊ, ಚಿತ್ರಗಳ ಮುಂದೆ ನನಗೆ ನೆನಪಾದದ್ದು ಬರಗಾಲ. ಬೆಂಗಳೂರು–ಮೈಸೂರು ರೈಲುದಾರಿ ಕೈಗೆತ್ತಿಕೊಂಡದ್ದೇ 1876–78ರ ಭೀಕರ ಬರದಲ್ಲಿ ಜನರಿಗೆ ಕೂಲಿ ಸಿಗಲಿ ಅಂತ. 1882ರಲ್ಲಿ ಮೈಸೂರಿಗೆ ರೈಲು ಬಂತು. ಸಲೂನಿನ ಮರದ ಕೆತ್ತನೆ ನೋಡಿ ಬಂದ ಕಣ್ಣಿಗೆ, ಹೊಟ್ಟೆಗಿಲ್ಲದೆ ಮಣ್ಣು ಹೊತ್ತ ಆ ಜನರ ನೆನಪೂ ಬೇಕು ಅನ್ನಿಸಿತು. ಅವರ ಹೆಸರು ಎಲ್ಲೂ ಇಲ್ಲ. ಅವರು ಹಾಕಿದ ದಾರಿಯಲ್ಲೇ ಇವತ್ತೂ ಜನ ಮೈಸೂರಿಗೆ ಬರುತ್ತಾರೆ.

ಹೊರಡುವಾಗ ಫಿಟ್ಟರ್ ತಾತ, "ಹಳೇ ಮೀಟರ್‌ಗೇಜ್ ನೋಡ್ಬೇಕು ಅಂದ್ರೆ ನಂಜನಗೂಡಿಗೆ ಹೋಗಿ ತಾಯಿ, ಅಲ್ಲಿ ಸೇತುವೆ ನೋಡಿ" ಅಂದರು. ಹಾಗೆ ನಾಳೆಯ ದಾರಿಯೂ ಗೊತ್ತಾಯಿತು. ಮ್ಯೂಸಿಯಂ ಒಳಗೆ ಮಕ್ಕಳನ್ನು ಕೂರಿಸಿಕೊಂಡು ಸುತ್ತುವ ಪುಟಾಣಿ ರೈಲು ಆ ದಿನ ಮಳೆಗೆ ಓಡಲಿಲ್ಲ. ಮಕ್ಕಳಿಗೆ ಅದನ್ನೇ ಆಸೆ ತೋರಿಸಿ ಕರೆದುಕೊಂಡು ಹೋಗುವವರು ಗೇಟಿನಲ್ಲೇ ಕೇಳಿಕೊಳ್ಳಿ. ಪುಟ್ಟಿಗೆ ಬೇಜಾರಾಗಲಿಲ್ಲ. ಅವಳಿಗೆ ಪೈಪು ಸಿಕ್ಕಿತ್ತು.

ಶನಿವಾರ

ಬೆಳಗ್ಗೆ ಬೇಗ ಬೆಟ್ಟ. ಸಾಲು ಚಿಕ್ಕದು, ಮಂಜು ದಟ್ಟ, ಗೋಪುರದ ತುದಿ ಕಾಣಲಿಲ್ಲ. ಅಮ್ಮನಿಗೆ ದರ್ಶನ ಚೆನ್ನಾಗಿ ಆಯಿತು. ಅವಳ ಮುಖ ನೋಡಿದರೆ ಅಷ್ಟು ಸಾಕು ಅನ್ನಿಸಿತು.

ಮಧ್ಯಾಹ್ನ ಚಾಮರಾಜನಗರದ ಪ್ಯಾಸೆಂಜರ್ ಹತ್ತಿ ನಂಜನಗೂಡಿಗೆ. ಬಸ್ಸೂ ಇದೆ, ಆದರೆ ಈ ದಾರಿಯನ್ನು ರೈಲಿನಲ್ಲೇ ಹೋಗಬೇಕು. ಅಶೋಕಪುರಂ ಬಂದಾಗ ಪುಟ್ಟಿ ಎದ್ದು ನಿಂತು, "ಅಜ್ಜನ ವರ್ಕ್‌ಶಾಪ್ ಇಲ್ಲೇ" ಅಂತ ಇಡೀ ಬೋಗಿಗೆ ಹೇಳಿದಳು. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ನಾವು ನೋಡಲು ಹೊರಟ ಸೇತುವೆ ಅದಕ್ಕಿಂತ ಒಂದೂವರೆ ಶತಮಾನ ಹಳೆಯದು. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ್ದು. ಜನ, ಎತ್ತಿನ ಗಾಡಿ ಹೋಗಲಿ ಅಂತ ಕಟ್ಟಿದ ಸೇತುವೆ ಮುಂದೆ ರೈಲನ್ನೂ ಹೊತ್ತಿತು. ಒಂದೇ ಸೇತುವೆಯ ಮೇಲೆ ರಸ್ತೆಯೂ ಹಳಿಯೂ. ಬ್ರಾಡ್‌ಗೇಜ್ ಆದ ಮೇಲೆ ರೈಲಿಗೆ ಬೇರೆ ಸೇತುವೆ ಬಂತು. ಹಳೆಯದು ಸುಮ್ನೆ ನಿಂತಿದೆ.

ಕಪಿಲೆ ಕೆಂಪಗೆ ಉಕ್ಕಿ ಹರಿಯುತ್ತಿದ್ದಳು. ಕಬಿನಿಯಿಂದ ನೀರು ಬಿಟ್ಟಿದ್ದರು. ಹದಿನಾರು ಕಾಲು ಮಂಟಪದ ಕಂಬಗಳು ಅರ್ಧ ಮುಳುಗಿದ್ದವು, ಸ್ನಾನಘಟ್ಟಕ್ಕೆ ಇಳಿಯಲು ಬಿಡುತ್ತಿರಲಿಲ್ಲ. ನಾವು ದೂರದಿಂದಲೇ ಸೇತುವೆ ನೋಡಿದೆವು. ಸಾಲು ಸಾಲು ಕಮಾನು. ಕೆಂಪು ನೀರು ಪ್ರತಿ ಕಮಾನಿಗೂ ಬಡಿದು, ಸೀಳಿ, ಆಚೆ ಹೋಗಿ ಮತ್ತೆ ಕೂಡುತ್ತಿತ್ತು. ಸುಮಾರು ಮುನ್ನೂರು ವರ್ಷದಿಂದ ಇದೇ ಪೆಟ್ಟು ತಿನ್ನುತ್ತಾ ನಿಂತಿದೆ. ಅಮ್ಮ ಕೊಡೆಯನ್ನು ಕಣ್ಣಿನ ನೇರಕ್ಕೆ ಅಡ್ಡ ಹಿಡಿದು ಏನೋ ಅಳೆಯುತ್ತಿದ್ದಳು. ಕೇಳಿದರೆ, "ಒಂದು ಮೀಟರ್ ಆದ್ದರಿಂದ ಇದರ ಮೇಲೆ ಹಿಡೀತು. ಐದೂವರೆ ಅಡಿ ಆಗಿದ್ರೆ ಹಿಡೀತಿರಲಿಲ್ಲ" ಅಂದಳು. ಅವಳ ಲೆಕ್ಕ ಸರಿಯೋ ತಪ್ಪೋ, ಹಳೆ ಸೇತುವೆ ಮೀಟರ್‌ಗೇಜ್ ಜೊತೆಗೇ ಕೆಲಸ ಬಿಟ್ಟಿದ್ದಂತೂ ನಿಜ.

ದೇವಸ್ಥಾನದ ಬೀದಿಯಲ್ಲಿ ಬಾಳೆಹಣ್ಣು ಮಾರುವ ಹೆಂಗಸಿನ ಹತ್ತಿರ ರಸಬಾಳೆ ಕೇಳಿದೆವು. "ಇವತ್ತು ನನ್ ಹತ್ರ ಇರೋದು ರಸಬಾಳೆ ಅಲ್ಲ ಕಣಕ್ಕ, ಸುಳ್ಳು ಹೇಳಿ ಮಾರಲ್ಲ" ಅಂದರು. ಗಿಡಕ್ಕೆ ಸೊರಗು ರೋಗ ಬಿದ್ದು ಬೆಳೆಯುವವರೇ ಕಡಿಮೆಯಾಗಿದ್ದಾರಂತೆ. ಇನ್ನೊಂದು ಬೀದಿಯಲ್ಲಿ ಸಿಗಬಹುದು ಅಂತ ತಾವೇ ದಾರಿ ಹೇಳಿದರು. ಸಿಕ್ಕಿತು, ಬೆಲೆ ಜಾಸ್ತಿಯೇ. ಸಿಪ್ಪೆ ತೆಳ್ಳಗೆ, ಬಾಯಲ್ಲಿಟ್ಟರೆ ಬೆಣ್ಣೆ. ಆದರೆ ನಾವು ವಾಪಸ್ ಹೋಗಿ ಆ ಮೊದಲ ಹೆಂಗಸಿನ ಹತ್ತಿರವೂ ಒಂದು ಚಿಪ್ಪು ಕೊಂಡೆವು. ಅಮ್ಮ ಹಾಗೆ ಬಿಟ್ಟು ಬರುವವಳಲ್ಲ.

ಭಾನುವಾರ

ವಾಪಸ್ ಹೊರಡುವ ದಿನವೂ ಅದೇ ಜಿಟಿಜಿಟಿ. ಮೈಸೂರು ನಿಲ್ದಾಣಕ್ಕೆ ಅರ್ಧ ಗಂಟೆ ಮುಂಚೆ ಬಂದೆವು. ಪುಟ್ಟಿಯ ಚಪ್ಪಲಿಯಲ್ಲಿ ಇನ್ನೂ ಅದೇ ಪಿನ್ನು. ಎರಡು ಕಡೆ ಚಮ್ಮಾರರ ಹತ್ತಿರ ಹೋಗಿದ್ದೆ, ಇಬ್ಬರೂ ತಿರುಗಿಸಿ ನೋಡಿ, "ಗಟ್ಟಿ ಇದೆ, ಊರಿಗೆ ಹೋಗಿ ಹೊಲಿಸಿ ಸಾಕು" ಅಂದಿದ್ದರು.

ಸೀಟು ಹಿಡಿದು ಅಮ್ಮನನ್ನು ಕೂರಿಸಿದ ಕೂಡಲೇ ಪುಟ್ಟಿ ನನ್ನ ಕೈ ಎಳೆದಳು. ಎಂಜಿನ್ ಹತ್ತಿರ ಹೋಗಬೇಕಂತೆ. ಶುಕ್ರವಾರ ತಾತ, "ಈಗಿನ ಎಂಜಿನ್‌ಗೂ ಮರಳು ಬೇಕು ಮಗ, ಬೇಕಾದ್ರೆ ನೋಡು" ಅಂದಿದ್ದರು. ನಾನು ಅದನ್ನು ಮರೆತೇಬಿಟ್ಟಿದ್ದೆ. ನೆನೆಯುತ್ತಾ ಪ್ಲಾಟ್‌ಫಾರಂನ ತುದಿಯವರೆಗೆ ಹೋದೆವು. ಇಳಿಜಾರು ಮುಗಿಯುವಲ್ಲಿ ಎಂಜಿನ್ ನಿಂತಿತ್ತು, ಚಕ್ರಗಳು ಪೂರ್ತಿ ಕಾಣುತ್ತಿದ್ದವು. ಪುಟ್ಟಿ ದೂರದಲ್ಲೇ ಕುಕ್ಕರುಗಾಲಲ್ಲಿ ಕೂತು ತಲೆ ಓರೆ ಮಾಡಿದಳು.

"ಅಮ್ಮಾ, ಇದೆ!"

ಇತ್ತು. ಮೊದಲನೇ ಚಕ್ರದ ಮುಂದೆ, ಹಳಿಗೆ ತಾಗುವಷ್ಟು ಹತ್ತಿರ, ಸೊಟ್ಟಗೆ ಬಾಗಿದ ಪೈಪು. ಅದರ ಬಾಯಿಯ ಕೆಳಗೆ, ಒದ್ದೆ ಹಳಿಯ ಮೇಲೆ, ಒಂದು ಚಿಟಿಕೆ ಮರಳು ಬಿದ್ದಿತ್ತು. ಮೇಲಿನಿಂದ ಕಿಟಕಿಯಲ್ಲಿ ತಲೆ ಹಾಕಿದ್ದ ಯುವ ಸಹಾಯಕ ಚಾಲಕ, "ಏನ್ ಹುಡುಕ್ತಿದ್ದೀರಾ?" ಅಂತ ಕೇಳಿದರು. ಪುಟ್ಟಿ ಬೆರಳು ತೋರಿಸಿ, "ಮರಳು" ಅಂದಳು. ಅವರು ಒಂದು ಕ್ಷಣ ಅವಳನ್ನೇ ನೋಡಿದರು. "ಯಾರು ಹೇಳಿಕೊಟ್ಟಿದ್ದು ನಿಂಗೆ?" ಅಂದರು.

ಅವಳು ಹೇಳುವಷ್ಟರಲ್ಲಿ ಸಿಗ್ನಲ್ ಬಿತ್ತು. ಹಿಂದೆ, ನಾಲ್ಕನೇ ಬೋಗಿಯ ಬಾಗಿಲಲ್ಲಿ, ಅಮ್ಮ ಕಪ್ಪು ಕೊಡೆ ಬಿಚ್ಚಿ ಎತ್ತಿ ಎತ್ತಿ ಆಡಿಸುತ್ತಾ ನಮ್ಮನ್ನು ಕೂಗುತ್ತಿದ್ದಳು.